ನುಸಿಗೆ ಸುಗಂಧ ತೈಲ: ಬೆರೆಸುವ ಬಗೆ, ಸಿಂಪಡಿಸುವ ಹೊತ್ತು, ನಿಲ್ಲಿಸಬೇಕಾದ ಜಾಗ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಬೆಳೆಗೆ ಔಷಧ ಸಿಂಪಡಿಸುವುದಕ್ಕೆ ‘ಎಣ್ಣಿ ಹೊಡೆಯುವುದು’ ಎಂಬುದೇ ರೂಢಿಯ ಮಾತು. ಡಬ್ಬಿಯಲ್ಲಿರುವುದು ಪುಡಿಯಾಗಿದ್ದರೂ ನೀರಿನಂತಿದ್ದರೂ ಹೊಲದ ಮಾತಿನಲ್ಲಿ ಅದು ಎಣ್ಣಿಯೇ. ಹೀಗಾಗಿ ‘ನುಸಿಗೆ ಸುಗಂಧ ತೈಲ ಹೊಡೆಯಿರಿ’ ಎಂದು ಯಾರಾದರೂ ಹೇಳಿದರೆ, ಅದು ಬೇವಿನೆಣ್ಣೆಯೋ, ಅಂಗಡಿಯ ರಾಸಾಯನಿಕವೋ, ಒಣದ್ರಾಕ್ಷಿ ಮಾಡುವವರು ಬಳಸುವ ಡಿಪ್ಪಿಂಗ್ ಆಯಿಲೋ ಎಂಬ ಗೊಂದಲ ಹುಟ್ಟುವುದು ಸಹಜ. ಮೂರೂ ಅಲ್ಲ. ಗಿಡದ ಎಲೆ, ಮೊಗ್ಗು, ಬೀಜ ಅಥವಾ ಸಿಪ್ಪೆಗೆ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನಿಂದ ಬೇರ್ಪಟ್ಟು ಸಿಗುವ, ಗಾಳಿಗೆ ಬಿಟ್ಟರೆ ಆರಿಹೋಗುವ ಘಾಟು ವಾಸನೆಯ ದ್ರವವೇ ಸುಗಂಧ ತೈಲ. ಬೇವು, ಹೊಂಗೆಗಳ ಎಣ್ಣೆಯನ್ನು ಬೀಜ ಹಿಂಡಿ ತೆಗೆಯುತ್ತಾರೆ; ಅದು ಆರುವುದಿಲ್ಲ, ಎಲೆಯ ಮೇಲೆ ಪದರವಾಗಿ ಕೂರುತ್ತದೆ. ಇವೆರಡರ ಕೆಲಸದ ರೀತಿಯೇ ಬೇರೆ, ಪ್ರಮಾಣವೂ ಬೇರೆ. ಬೇವಿನೆಣ್ಣೆಯ ಅಳತೆಯಲ್ಲಿ ಲವಂಗದ ಎಣ್ಣೆಯನ್ನು ಬೆರೆಸಿದವರು ಮರುದಿನ ಹೊಲದಲ್ಲಿ ಸುಟ್ಟ ಎಲೆಗಳನ್ನು ಕಾಣುತ್ತಾರೆ.

‘ನುಸಿ’ ಎಂಬ ಮಾತೂ ಇಷ್ಟೇ ತೊಡಕಿನದು. ಥ್ರಿಪ್ಸ್‌ಗೂ ನುಸಿ ಎನ್ನುತ್ತೇವೆ, ಮೈಟ್‌ಗೂ ನುಸಿ ಎನ್ನುತ್ತೇವೆ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ನುಸಿ ಜೇಡದ ಕುಲಕ್ಕೆ ಸೇರಿದ ಜೀವಿ. ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲುಗಳಿದ್ದರೂ ಬೆಳೆದದ್ದಕ್ಕೆ ಎಂಟು. ಮೆಣಸಿನಕಾಯಿ ಗಿಡದ ಎಲೆ ದೋಣಿಯಂತೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ಕಾಟವೆಂದೂ, ಎಲೆಯ ಅಂಚುಗಳು ಕೆಳಕ್ಕೆ ಬಾಗಿ ತೊಟ್ಟು ಉದ್ದವಾಗಿ ಎಳೆದಂತಿದ್ದರೆ ಹಳದಿ ಮೈಟ್ ನುಸಿಯ ಕಾಟವೆಂದೂ ಗುರುತಿಸಬಹುದು. ಎರಡಕ್ಕೂ ‘ಮುಟುರು’ ಎಂದು ಹೆಸರಿಟ್ಟು ಒಂದೇ ಮದ್ದು ಹೊಡೆಯುವುದರಿಂದಲೇ ಅರ್ಧ ಹಣ ಪೋಲಾಗುತ್ತದೆ. ಈ ಬರಹದಲ್ಲಿ ನುಸಿ ಎಂದರೆ ಮೈಟ್ ನುಸಿ ಮಾತ್ರ.

ಬದನೆ, ಬೆಂಡೆ, ಗುಲಾಬಿ, ದ್ರಾಕ್ಷಿಗಳಲ್ಲಿ ಕಾಣುವುದು ಹೆಚ್ಚಾಗಿ ಜೇಡ ನುಸಿ. ಅದರ ಉದ್ದ ಸುಮಾರು ಅರ್ಧ ಮಿಲಿಮೀಟರ್. ಎಲೆಯ ತಳಭಾಗದಲ್ಲಿದ್ದು ಸೂಜಿಯಂಥ ಬಾಯಿಯಿಂದ ಜೀವಕೋಶಗಳನ್ನು ಒಂದೊಂದಾಗಿ ಚುಚ್ಚಿ ಹೀರುವುದರಿಂದ ಎಲೆಯ ಮೇಲ್ಭಾಗದಲ್ಲಿ ಬಿಳಿ-ಹಳದಿ ಚುಕ್ಕೆಗಳು ಮೂಡುತ್ತವೆ, ಅನಂತರ ಎಲೆ ಕಂಚಿನ ಬಣ್ಣಕ್ಕೆ ತಿರುಗಿ, ಕೊನೆಗೆ ನವಿರಾದ ಬಲೆ ಕಟ್ಟಿಕೊಳ್ಳುತ್ತದೆ. ಹಳದಿ ನುಸಿ ಇದಕ್ಕಿಂತಲೂ ಚಿಕ್ಕದು, ಬಲೆ ನೇಯುವುದಿಲ್ಲ, ಕುಡಿಯ ಎಳೆ ಎಲೆಗಳನ್ನು ಬಿಟ್ಟು ಕೆಳಗಿಳಿಯುವುದು ಕಡಿಮೆ. ಬರಿಗಣ್ಣಿಗೆ ಅದು ಕಾಣುವುದಿಲ್ಲವೆಂದೇ ಹೇಳಬೇಕು. ಆದ್ದರಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿಯನ್ನು ಮೊದಲು ಕೊಳ್ಳಿ, ಎಣ್ಣೆಯನ್ನು ಆಮೇಲೆ. ಗಾಜು ಕೈಗೆ ಸಿಗದ ದಿನ ಬಿಳಿಯ ಹಾಳೆಯೊಂದನ್ನು ಹಿಡಿದು ಅದರ ಮೇಲೆ ಎಲೆಯನ್ನು ಕೊಡವಿದರೆ, ಬಿದ್ದ ಧೂಳಿನ ಕಣಗಳಲ್ಲಿ ಕೆಲವು ನಡೆಯತೊಡಗುತ್ತವೆ. ನಡೆಯುವ ಕಣಗಳೇ ಜೇಡ ನುಸಿ.

ನೋಡಬೇಕಾದ ಜಾಗವೂ ಗೊತ್ತಿರಬೇಕು. ಕಬ್ಬು ಸಾಗಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಅಥಣಿ, ರಾಯಬಾಗದ ಹೊಲದ ದಾರಿಗಳಲ್ಲಿ ಹಗಲುರಾತ್ರಿ ಟ್ರ್ಯಾಕ್ಟರುಗಳು ಓಡಾಡುವಾಗ ಬದುವಿನ ಪಕ್ಕದ ನಾಲ್ಕೈದು ಸಾಲುಗಳ ಮೇಲೆ ಧೂಳು ಕೂರುತ್ತದೆ. ಧೂಳು ಕುಳಿತ, ನೀರು ಸಾಲದೆ ಬಳಲಿದ ಗಿಡಗಳಲ್ಲೇ ಜೇಡ ನುಸಿ ಮೊದಲು ಏಳುತ್ತದೆ. ವಾರಕ್ಕೆ ಎರಡು ಬಾರಿ ಆ ಸಾಲುಗಳ ಎಲೆಯನ್ನು ತಿರುವಿ ನೋಡಿದರೆ ಸಾಕು, ಉಳಿದ ಹೊಲದ ಸುದ್ದಿ ಅಲ್ಲಿಯೇ ತಿಳಿಯುತ್ತದೆ.

ಬೇಗ ಕಾಣಬೇಕೆಂಬುದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಬಿಸಿಲು ಏರಿದ ದಿನಗಳಲ್ಲಿ, ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಜೇಡ ನುಸಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಒಂದು ವಾರದಿಂದ ಹತ್ತು ದಿನ ಸಾಕು. ಒಂದು ಹೆಣ್ಣು ನೂರರ ಆಸುಪಾಸಿನಲ್ಲಿ ಮೊಟ್ಟೆ ಇಡಬಲ್ಲದು. ಗಂಡು ಕೂಡದಿದ್ದರೂ ಮೊಟ್ಟೆ ಇಡುತ್ತದೆ, ಆಗ ಹುಟ್ಟುವವೆಲ್ಲ ಗಂಡುಗಳು. ಹೀಗೆ ತಲೆಮಾರುಗಳು ಬೇಗಬೇಗ ಉರುಳುವುದರಿಂದ ರಾಸಾಯನಿಕಗಳಿಗೆ ಒಗ್ಗಿಕೊಳ್ಳುವ ಶಕ್ತಿಯೂ ಅದಕ್ಕೆ ಬೇಗ ಬರುತ್ತದೆ. ಸಿಂಥೆಟಿಕ್ ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನು ಪದೇಪದೇ ಹೊಡೆದ ಬದನೆಯಲ್ಲಿ ಕಾಯಿಕೊರಕ ಇಳಿದರೂ ನುಸಿ ಉಕ್ಕಿ ಬರುವುದು, ನುಸಿಯನ್ನು ತಿನ್ನುವ ಪರಭಕ್ಷಕ ನುಸಿ ಮತ್ತು ಪುಟ್ಟ ಕಪ್ಪು ಗುಲಗಂಜಿ ಹುಳುಗಳು ಆ ಸಿಂಪಡಣೆಯಲ್ಲಿ ಸತ್ತುಹೋಗಿರುತ್ತವೆ ಎಂಬುದರಿಂದ. ಹಳಬರು ನುಸಿಗೆಂದು ನಂಬಿದ್ದ ಡೈಕೋಫಾಲ್ ಎಂಬ ರಾಸಾಯನಿಕವನ್ನು 2019ರಲ್ಲಿ, ಬೇಗ ಕರಗದೆ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿಸಲಾಯಿತು. ಸುಗಂಧ ತೈಲಗಳ ಕಡೆ ಗಮನ ಹರಿದಿರುವುದು ಈ ಹಿನ್ನೆಲೆಯಲ್ಲಿ.

ಅವು ಕೆಲಸ ಮಾಡುವ ರೀತಿಯನ್ನು ಅರಿತರೆ ಬಳಸುವ ರೀತಿ ತಾನಾಗಿ ತಿಳಿಯುತ್ತದೆ. ಲವಂಗದ ಯೂಜಿನಾಲ್, ನಿಂಬೆಹುಲ್ಲಿನ ಸಿಟ್ರಾಲ್, ನೀಲಗಿರಿಯ ಸಿನಿಯೋಲ್, ಅಜವಾನದ (ಓಮದ) ಥೈಮಾಲ್, ಪುದೀನಾದ ಮೆಂಥಾಲ್ ಇವು ನುಸಿಯ ಮೈಗೆ ತಗುಲಿದಾಗ ಅಥವಾ ಆವಿಯಾಗಿ ಒಳಹೊಕ್ಕಾಗ ನರಗಳ ಕೆಲಸವನ್ನು ಕೆಡಿಸುತ್ತವೆ. ಕೀಟ ಮತ್ತು ನುಸಿಗಳ ನರಮಂಡಲದಲ್ಲಿ ಆಕ್ಟೋಪಮಿನ್ ಎಂಬ ಸಂದೇಶವಾಹಕಕ್ಕೆ ದೊಡ್ಡ ಪಾತ್ರವಿದೆ. ಕೆಲವು ತೈಲಗಳ ಘಟಕಗಳು ಅಲ್ಲಿಯೇ ಅಡ್ಡಗಾಲು ಹಾಕುತ್ತವೆ. ಜೇನುಸಾಕಣೆಯಲ್ಲಿ ಪೆಟ್ಟಿಗೆಯೊಳಗಿನ ವರೋವಾ ನುಸಿಗೆ ಥೈಮಾಲ್ ಬಳಸುವುದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಆದರೆ ಪೆಟ್ಟಿಗೆ ಮುಚ್ಚಿದ ಜಾಗ, ಹೊಲ ಬಯಲು. ಬಯಲಿನಲ್ಲಿ ತೈಲ ಕೆಲವು ಗಂಟೆಗಳಲ್ಲಿ ಆರಿಹೋಗುತ್ತದೆ. ತಗುಲಿದ ನುಸಿ ಸಾಯುತ್ತದೆ, ತಗುಲದ್ದು ಬದುಕುತ್ತದೆ, ನಾಳೆ ಬರುವುದನ್ನು ತಡೆಯಲು ಎಲೆಯ ಮೇಲೆ ಹೆಚ್ಚೇನೂ ಉಳಿದಿರುವುದಿಲ್ಲ. ಈ ಕೊರತೆಯೇ ಇನ್ನೊಂದು ಕಡೆಯಿಂದ ಲಾಭ: ಸಿಂಪಡಿಸಿದ ಮರುದಿನ ಹೊಲಕ್ಕೆ ಬರುವ ಮಿತ್ರಕೀಟಗಳಿಗೆ ಅಷ್ಟಾಗಿ ತೊಂದರೆಯಿಲ್ಲ.

ಯಾವ ತೈಲವನ್ನು ಆರಿಸಬೇಕು? ನನ್ನ ಅಭಿಪ್ರಾಯದಲ್ಲಿ ಮೊದಲ ಬಾರಿಗೆ ಪ್ರಯತ್ನಿಸುವವರು ನಿಂಬೆಹುಲ್ಲಿನ ಎಣ್ಣೆಯಿಂದ, ಎಂದರೆ ಮಜ್ಜಿಗೆ ಹುಲ್ಲಿನ ಎಣ್ಣೆಯಿಂದ, ಅಥವಾ ನೀಲಗಿರಿ ಎಣ್ಣೆಯಿಂದ ತೊಡಗುವುದು ಲೇಸು. ಲವಂಗ ಮತ್ತು ಅಜವಾನದ ಎಣ್ಣೆಗಳು ನುಸಿಯ ಮೇಲೆ ಬಿರುಸಾಗಿರುವಂತೆಯೇ ಎಲೆಯ ಮೇಲೂ ಬಿರುಸು. ಲಿಂಬೆ ಸಿಪ್ಪೆಯ ಎಣ್ಣೆಯ ವಿಷಯದಲ್ಲಿ ಲಿಂಬೆ ಬೆಳೆಯುವ ಇಂಡಿ ಕಡೆಯವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ: ಸಿಪ್ಪೆಗೆ ಪೆಟ್ಟು ಬಿದ್ದು ಅದರೊಳಗಿನ ಎಣ್ಣೆಯ ಗ್ರಂಥಿ ಒಡೆದರೆ, ಹೊರಬಂದ ಎಣ್ಣೆ ಅದೇ ಹಣ್ಣಿನ ಚರ್ಮವನ್ನು ಸುಟ್ಟು ಕಲೆ ಮಾಡುತ್ತದೆ. ತನ್ನ ಎಣ್ಣೆಯೇ ತನ್ನನ್ನು ಸುಡುವಾಗ ಬೇರೆ ಗಿಡದ ಎಲೆಯನ್ನು ಬಿಡುವುದೇ? ಹಿಂಡಿ ತೆಗೆದ ಲಿಂಬೆ ಎಣ್ಣೆ ಕೈಗೆ ಅಂಟಿಸಿಕೊಂಡು ಬಿಸಿಲಿನಲ್ಲಿ ನಿಂತರೆ ಮನುಷ್ಯರ ಚರ್ಮದ ಮೇಲೂ ಸುಟ್ಟ ಗಾಯದಂಥ ಕಲೆಗಳು ಏಳುತ್ತವೆ.

ಕೊಂಡ ಎಣ್ಣೆ ಶುದ್ಧವಾಗಿದೆಯೇ ಎಂಬುದನ್ನು ಸ್ವಲ್ಪಮಟ್ಟಿಗೆ ಮನೆಯಲ್ಲಿಯೇ ನೋಡಬಹುದು. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಒಂದು ದಿನ ಗಾಳಿಗೆ ಬಿಡಿ. ನೀಲಗಿರಿ, ನಿಂಬೆಹುಲ್ಲಿನಂಥ ಎಣ್ಣೆ ಆರಿ, ಹೆಚ್ಚೆಂದರೆ ನಸು ಬಣ್ಣ ಉಳಿದೀತು. ಬಜ್ಜಿ ಕಟ್ಟಿದ ಕಾಗದದಂತೆ ಜಿಡ್ಡಿನ ಕಲೆ ನಿಂತರೆ ಅಡುಗೆ ಎಣ್ಣೆಯಂಥದ್ದೇನೋ ಬೆರೆತಿದೆ. ಟರ್ಪೆಂಟೈನ್ ಬೆರೆಸಿದ್ದನ್ನು ಈ ಪರೀಕ್ಷೆ ಹಿಡಿಯಲಾರದು. ‘ನುಸಿನಾಶಕ’ವೆಂದೇ ಹೆಸರು ಹಾಕಿ ಮಾರುವ ಬಾಟಲಿಯಾದರೆ, 1968ರ ಕೀಟನಾಶಕ ಕಾಯ್ದೆಯಂತೆ ಅದರ ಮೇಲೆ ನೋಂದಣಿ ಸಂಖ್ಯೆ ಇರಬೇಕು, ಇಲ್ಲದ್ದನ್ನು ಕೊಳ್ಳಬೇಡಿ.

ಇನ್ನು ಬೆರೆಸುವ ಕೆಲಸ. ಕೆಟ್ಟರೆ ಎಲ್ಲವೂ ಇಲ್ಲಿಯೇ ಕೆಡುವುದು. ಸುಗಂಧ ತೈಲ ನೀರಿನಲ್ಲಿ ಕರಗುವುದಿಲ್ಲ. ನೇರವಾಗಿ ಪಂಪಿಗೆ ಸುರಿದರೆ ನೀಲಗಿರಿ, ನಿಂಬೆಹುಲ್ಲಿನ ಎಣ್ಣೆಗಳು ಹಗುರವಾದ್ದರಿಂದ ಮೇಲೆ ತೇಲುತ್ತವೆ, ಲವಂಗದ ಎಣ್ಣೆ ನೀರಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಪಂಪು ನೀರನ್ನು ಎಳೆಯುವುದು ತಳದಿಂದ. ಆದ್ದರಿಂದ ಲವಂಗದ ಎಣ್ಣೆ ಬೆರೆಯದಿದ್ದರೆ ಮೊದಲ ಹತ್ತು ಗಿಡಗಳು ಸುಡುತ್ತವೆ, ನೀಲಗಿರಿ ಬೆರೆಯದಿದ್ದರೆ ಕೊನೆಯ ಹತ್ತು ಗಿಡಗಳು ಸುಡುತ್ತವೆ, ನಡುವಿನ ಗಿಡಗಳಿಗೆ ಬರೀ ನೀರು ಬಿದ್ದಿರುತ್ತದೆ. ಸುಟ್ಟ ಗಿಡಗಳು ಸಾಲಿನ ಯಾವ ತುದಿಯಲ್ಲಿವೆ ಎಂಬುದನ್ನು ನೋಡಿಯೇ ತಪ್ಪು ಎಲ್ಲಾಯಿತೆಂದು ಹೇಳಬಹುದು.

ಎಣ್ಣೆಯನ್ನೂ ನೀರನ್ನೂ ಕೂಡಿಸಲು ಸಾಬೂನಿನಂಥ ಒಂದು ಪದಾರ್ಥ ಬೇಕು. ಆದರೆ ನಮ್ಮ ಭಾಗದ ಅನೇಕ ಬೋರ್‌ವೆಲ್‌ಗಳ ನೀರು ಗಡಸು. ಯಾವ ನೀರಿನಲ್ಲಿ ಬೇಳೆ ಬೇಯುವುದಿಲ್ಲವೋ, ಬಟ್ಟೆ ಸೋಪು ನೊರೆ ಕೊಡುವುದಿಲ್ಲವೋ, ಆ ನೀರಿನಲ್ಲಿ ಸಾಬೂನು ಹಾಕಿದರೆ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಮೊಸರಿನಂತೆ ಒಡೆಯುತ್ತದೆ, ನಾಜಲ್ ಕಟ್ಟುತ್ತದೆ, ಎಣ್ಣೆ ಬೇರೆಯಾಗಿಯೇ ಉಳಿಯುತ್ತದೆ. ಇದಕ್ಕೆ ಮೂರು ದಾರಿಗಳಿವೆ. ಕೃಷಿಹೊಂಡದ ಅಥವಾ ಮನೆಯ ಮಾಳಿಗೆಯಿಂದ ಹಿಡಿದ ಮಳೆನೀರನ್ನು ಬಳಸಬಹುದು. ಗಡಸು ನೀರಿಗೆ ಜಗ್ಗದ ಪಾಲಿಸಾರ್ಬೇಟ್ 20 ಎಂಬ ದ್ರವವನ್ನು ತರಬಹುದು; ಟ್ವೀನ್ 20 ಎಂದು ಕೇಳಿದರೂ ರಾಸಾಯನಿಕಗಳ ಅಂಗಡಿಯವರಿಗೆ ತಿಳಿಯುತ್ತದೆ. ಮೂರನೆಯದು ಅಂಟವಾಳ. ಅದರ ಸಪೋನಿನ್ ಸಾಬೂನಿನ ಜಾತಿಯದಲ್ಲದ ಕಾರಣ ಗಡಸು ನೀರಿನಲ್ಲಿಯೂ ನೊರೆ ಕೊಡುತ್ತದೆ. ಬೀಜ ತೆಗೆದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಸುಕಿ, ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ಬಳಸಬೇಕು. ಸೋಸುವುದರಲ್ಲಿ ಅವಸರ ಮಾಡಿದರೆ ನಾಜಲ್ ಬಿಚ್ಚಿ ಊದುತ್ತ ಸಂಜೆ ಕಳೆಯಬೇಕಾಗುತ್ತದೆ.

ಪ್ರಮಾಣ ಹೀಗಿರಲಿ. ನಿಂಬೆಹುಲ್ಲು, ನೀಲಗಿರಿ, ಪುದೀನಾ ಎಣ್ಣೆಗಳಾದರೆ ಲೀಟರಿಗೆ 2 ಮಿಲಿ. ಗಿಡ ತಾಳಿಕೊಂಡಿತೆಂದು ಕಂಡ ಮೇಲೆ 3 ಮಿಲಿವರೆಗೆ ಹೋಗಬಹುದು. ಲವಂಗ, ಅಜವಾನವಾದರೆ 1 ಮಿಲಿಯಿಂದ ತೊಡಗಬೇಕು. 16 ಲೀಟರಿನ ಬೆನ್ನಿನ ಪಂಪಿಗೆ ಲೀಟರಿಗೆ 2 ಮಿಲಿ ಲೆಕ್ಕದಲ್ಲಿ 32 ಮಿಲಿ ಎಣ್ಣೆ ಬೇಕಾಗುತ್ತದೆ. ಬಾಟಲಿಯ ಮುಚ್ಚಳದ ಅಳತೆಯನ್ನು ನಂಬದೆ, ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ. ಎಣ್ಣೆಯಷ್ಟೇ ಪಾಲಿಸಾರ್ಬೇಟನ್ನು ಒಂದು ಗಾಜಿನ ಲೋಟದಲ್ಲಿ ಎಣ್ಣೆಯೊಡನೆ ಚೆನ್ನಾಗಿ ಕಲಸಿ, ಅದಕ್ಕೆ ನೀರನ್ನು ಸ್ವಲ್ಪಸ್ವಲ್ಪವೇ ಹೊಯ್ಯುತ್ತ ಕದಡಿದರೆ ಮಿಶ್ರಣ ತೆಳುವಾದ ಮಜ್ಜಿಗೆಯ ಬಣ್ಣಕ್ಕೆ ಬರುತ್ತದೆ. ಆಮೇಲೆ ಅರ್ಧ ನೀರು ತುಂಬಿದ ಪಂಪಿಗೆ ಇದನ್ನು ಸೇರಿಸಿ, ಉಳಿದ ನೀರು ತುಂಬಿಸಬೇಕು. ನೀರಿಗೆ ಎಣ್ಣೆ ಹಾಕಿ ಮೇಲೆ ಸಾಬೂನು ಹಾಕುವ ತಿರುಗುಮುರುಗು ಕ್ರಮದಲ್ಲಿ ಮಿಶ್ರಣ ಕೂಡುವುದಿಲ್ಲ. ಹೊಸ ಎಣ್ಣೆ ಅಥವಾ ಹೊಸ ನೀರು ಬಳಸುವಾಗ ಒಂದು ಲೀಟರಿನಷ್ಟನ್ನು ಪಾರದರ್ಶಕ ಬಾಟಲಿಯಲ್ಲಿ ಮಾಡಿ ಅರ್ಧ ಗಂಟೆ ಇಟ್ಟು ನೋಡಿ: ಮೇಲೆ ಪದರ ಕಂಡರೆ ಅಥವಾ ತಳದಲ್ಲಿ ಹನಿಗಳು ಕೂಡಿದರೆ ಪಾಲಿಸಾರ್ಬೇಟ್ ಅಥವಾ ಅಂಟವಾಳದ ನೀರನ್ನು ಹೆಚ್ಚಿಸಬೇಕು. ಬೆರೆಸಿದ್ದನ್ನು ಅಂದೇ ಮುಗಿಸಬೇಕು, ಸಿಂಪಡಿಸುವಾಗ ನಡುನಡುವೆ ಪಂಪನ್ನು ಅಲುಗಾಡಿಸುತ್ತಿರಬೇಕು.

ಇಡೀ ಹೊಲಕ್ಕೆ ಹೋಗುವ ಮೊದಲು ಒಂದು ಮೂಲೆಯ ಐದಾರು ಗಿಡಗಳಿಗೆ ಸಿಂಪಡಿಸಿ ಎರಡು ದಿನ ಕಾಯಬೇಕು. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹಿತ್ತಲಿನ ಬದನೆಗೆ ಲವಂಗದ ಎಣ್ಣೆಯನ್ನು ಲೀಟರಿಗೆ 5 ಮಿಲಿಯಂತೆ ಬೆರೆಸಿ, ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ ಹೊಡೆದು, ನುಸಿಯನ್ನೂ ಎಲೆಯನ್ನೂ ಒಟ್ಟಿಗೆ ಕಳೆದುಕೊಂಡಿದ್ದೇನೆ. ಎಲೆಯ ಅಂಚು ಮೊದಲು ನೀರು ಕುಡಿದಂತೆ ಕಪ್ಪಗಾಗಿ, ಮೂರನೆಯ ದಿನ ಹಪ್ಪಳದಂತೆ ಮುರಿಯುತ್ತಿತ್ತು.

ಹೊತ್ತು ಸಂಜೆಯದಾಗಿರಲಿ. ಬಿಸಿಲು ಇಳಿದು, ಉಷ್ಣತೆ 32 ಡಿಗ್ರಿಗಿಂತ ಕೆಳಗೆ ಬಂದ ಮೇಲೆ, ಗಾಳಿ ನಿಂತ ಹೊತ್ತಿನಲ್ಲಿ ಸಿಂಪಡಿಸಿದರೆ ಎಲೆ ಸುಡುವ ಭಯ ಕಡಿಮೆ, ಎಣ್ಣೆ ಆರುವುದೂ ನಿಧಾನ, ಜೇನುನೊಣಗಳೂ ಗೂಡು ಸೇರಿರುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆ ಆರಕ್ಕೂ ವಿಜಯಪುರದಲ್ಲಿ ಇಷ್ಟು ತಂಪಾಗದ ದಿನಗಳು ಬಹಳ. ಅಂಥ ದಿನ ಸೂರ್ಯ ಹುಟ್ಟುವ ಮೊದಲೇ ಮುಗಿಸಬೇಕು, ಇಲ್ಲವೇ ಅಂದು ಬಿಡಬೇಕು. ಬಾಡಿದ ಗಿಡಕ್ಕೆ ಎಂದೂ ಹೊಡೆಯಬಾರದು; ಹಿಂದಿನ ದಿನ ನೀರು ಹಾಯಿಸಿರಬೇಕು. ನುಸಿ ಇರುವುದು ಎಲೆಯ ಅಡಿಯಲ್ಲಾದ್ದರಿಂದ ಲ್ಯಾನ್ಸನ್ನು (ಪಂಪಿನ ಉದ್ದ ಕೊಳವೆಯನ್ನು) ಗಿಡದ ಬುಡದ ಕಡೆಗೆ ತಗ್ಗಿಸಿ, ನಾಜಲ್ಲಿನ ಬಾಯನ್ನು ಮೇಲಕ್ಕೆ ತಿರುಗಿಸಿ, ಎಲೆಯ ತಳಭಾಗ ತೋಯುವಂತೆ ನಿಧಾನವಾಗಿ ನಡೆಯಬೇಕು. ರಾಸಾಯನಿಕಗಳಲ್ಲಿ ಕೆಲವು ಮೇಲಿನಿಂದ ಹೊಡೆದರೂ ಎಲೆಯೊಳಗೆ ಇಳಿದು ಕೆಲಸ ಮಾಡುತ್ತವೆ, ಇದು ಮಾಡುವುದಿಲ್ಲ. ಬಲೆ ಕಟ್ಟಿದ ಎಲೆಗಳನ್ನು ಮೊದಲೇ ಕಿತ್ತು ಚೀಲದಲ್ಲಿ ಹಾಕಿ ಹೊರಗೆ ಒಯ್ಯಬೇಕು, ಏಕೆಂದರೆ ಬಲೆಯ ಮೇಲೆ ಬಿದ್ದ ಹನಿ ನುಸಿಯನ್ನು ಮುಟ್ಟದೆ ಅಲ್ಲಿಯೇ ಆರುತ್ತದೆ.

ಮೊಟ್ಟೆಗಳಲ್ಲಿ ಬಹುಪಾಲು ಈ ಪ್ರಮಾಣಕ್ಕೆ ಸಾಯುವುದಿಲ್ಲ. ಬೇಸಿಗೆಯಲ್ಲಿ ಅವು ಮೂರರಿಂದ ಐದು ದಿನಗಳಲ್ಲಿ ಒಡೆಯುತ್ತವೆ. ಆದ್ದರಿಂದ ಐದಾರು ದಿನ ಬಿಟ್ಟು ಎರಡನೆಯ ಸಲ, ಮತ್ತೆ ಅಷ್ಟೇ ದಿನ ಬಿಟ್ಟು ಮೂರನೆಯ ಸಲ ಸಿಂಪಡಿಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಬೆಳೆ ಬೆಳೆಗೂ ಎಚ್ಚರಿಕೆ ಬೇರೆ. ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ದ್ರಾಕ್ಷಿಗೆ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ಬೂದಿರೋಗಕ್ಕೆಂದು ಗಂಧಕ ಹೊಡೆಯುವುದು ತಿಕೋಟಾ, ಬಬಲೇಶ್ವರ ಕಡೆಯ ತೋಟಗಳಲ್ಲಿ ಸಾಮಾನ್ಯ. ಗಂಧಕದ ಮೇಲೆ ಯಾವ ಎಣ್ಣೆ ಬಿದ್ದರೂ ಎಲೆ ಸುಡುವ ಅಪಾಯವಿದೆ. ಎರಡರ ನಡುವೆ ಕನಿಷ್ಠ ಎರಡು ವಾರಗಳ ಅಂತರವಿರಬೇಕು, ಮತ್ತು ಒಂದೇ ಟ್ಯಾಂಕಿನಲ್ಲಿ ಅವನ್ನು ಕೂಡಿಸಲೇಬಾರದು. ಬೋರ್ಡೋ ಮಿಶ್ರಣದಂಥ ತಾಮ್ರದ ಔಷಧಗಳೊಡನೆಯೂ ಬೆರೆಸಬಾರದು. ಎರಡನೆಯದಾಗಿ, ಕಾಯಿಯ ಮೇಲೆ ಬೂದಿ ಸವರಿದಂತೆ ಕಾಣುವ ಮೇಣದ ಪದರವನ್ನು ಎಣ್ಣೆಯೂ ಸಾಬೂನೂ ಅಳಿಸುತ್ತವೆ. ಆ ಪದರ ಹೋದ ಗೊನೆಗೆ ಹಣ್ಣಿನ ಪೇಟೆಯಲ್ಲಿ ಬೆಲೆಯಿಲ್ಲ. ಕಾಯಿ ಮೆತ್ತಗಾಗತೊಡಗಿದ ಮೇಲೆ ಲವಂಗ, ಪುದೀನಾದಂಥ ಎಣ್ಣೆಗಳ ವಾಸನೆ ಹಣ್ಣಿಗೆ ಹತ್ತುವ ಭಯವೂ ಇದೆ. ನುಸಿ ಹೆಚ್ಚಾಗಿ ಏಳುವುದು ಇದೇ ಹಂತದಲ್ಲಿ, ಎಂದರೆ ಜನವರಿಯ ನಂತರ ಹವೆ ಒಣಗಿದಾಗ. ಹೀಗಾಗಿ ಫಲ ಹೊತ್ತ ದ್ರಾಕ್ಷಿಗೆ ಸುಗಂಧ ತೈಲವನ್ನು ನಾನು ಹೇಳಲಾರೆ. ಏಪ್ರಿಲ್ ಚಾಟ್ನಿಯ ನಂತರ ಬರೀ ಎಲೆ ಇರುವಾಗ, ಮೋಡ ಮುಸುಕಿದ ತಂಪು ದಿನಗಳಲ್ಲಿ ಪ್ರಯತ್ನಿಸಬಹುದು.

ಬದನೆ, ಬೆಂಡೆಗೆ ಇದು ಚೆನ್ನಾಗಿ ಹೊಂದುತ್ತದೆ. ಮೆಣಸಿನಕಾಯಿಯಲ್ಲಿ ಹಳದಿ ನುಸಿ ಕುಡಿಯ ಮಡಿಕೆಗಳಲ್ಲಿ ಅಡಗಿರುವುದರಿಂದ, ಎಲೆ ಮುದುಡುವ ಮೊದಲೇ ಹೊಡೆದರೆ ಮಾತ್ರ ಫಲ. ಪಾಲಿಹೌಸಿನ ಕ್ಯಾಪ್ಸಿಕಂ, ಗುಲಾಬಿಗಳಲ್ಲಿ ಆವಿ ಬೇಗ ಚದುರದ ಕಾರಣ ಪರಿಣಾಮ ಹೆಚ್ಚು, ಎಲೆ ಸುಡುವ ಸಂಭವವೂ ಹೆಚ್ಚು. ಒಳಗೆ ಸಿಂಪಡಿಸುವವರು ಮಾಸ್ಕ್, ಕನ್ನಡಕ ಧರಿಸಿ, ಪಕ್ಕದ ಪರದೆಗಳನ್ನು ತೆರೆದಿಡಬೇಕು. ಹಿಂಗಾರಿ ಜೋಳದ ಕೆಳಗಿನ ಎಲೆಗಳಲ್ಲಿ ಕೆಂಪು ನುಸಿ ಕಂಡರೆ ಅದಕ್ಕೆ ಈ ಎಣ್ಣೆಯ ವೆಚ್ಚ ತೂಗುವುದಿಲ್ಲ. ಲೆಕ್ಕ ನೋಡಿ: ಬೆಳೆದು ನಿಂತ ಬದನೆಗೆ ಎಕರೆಗೆ ಸುಮಾರು 200 ಲೀಟರ್ ದ್ರಾವಣ ಹಿಡಿದರೆ ಒಂದು ಸಲಕ್ಕೆ 400 ಮಿಲಿ, ಮೂರು ಸಲಕ್ಕೆ 1.2 ಲೀಟರ್ ಎಣ್ಣೆ. ಐದು ಗುಂಟೆಯ ತುಣುಕಿಗಾದರೆ ಸಲಕ್ಕೆ 50 ಮಿಲಿ. ಬದುವಿನ ಪಕ್ಕದ ಸಾಲುಗಳಲ್ಲಿ ನುಸಿ ಆಗತಾನೆ ಎದ್ದಿರುವಾಗ ಆ ಸಾಲುಗಳಿಗಷ್ಟೇ ಬಳಸುವುದು ಇದರ ಸರಿಯಾದ ಬಳಕೆ.

ಉಳಿದ ಎಣ್ಣೆಯನ್ನು ಬಣ್ಣದ ಗಾಜಿನ ಅಥವಾ ಅಲ್ಯೂಮಿನಿಯಂ ಬಾಟಲಿಯಲ್ಲಿ, ಮಕ್ಕಳ ಕೈಗೆ ಸಿಗದ ತಂಪು ಜಾಗದಲ್ಲಿ ಬೀಗ ಹಾಕಿ ಇಡಬೇಕು. ಗಿಡಮೂಲಿಕೆಯದೆಂಬ ಸಲುಗೆ ಬೇಡ. ನೀಲಗಿರಿ ಎಣ್ಣೆ ಒಂದು ಚಮಚ ಹೊಟ್ಟೆಗೆ ಹೋದರೂ ಚಿಕ್ಕ ಮಗುವಿಗೆ ಅಪಾಯ. ಈ ಎಣ್ಣೆಗಳಿಗೆ ಬೆಂಕಿ ಬೇಗ ಹತ್ತುವುದರಿಂದ ಬೇಸಿಗೆಯಲ್ಲಿ ಕಾಯುವ ತಗಡಿನ ಶೆಡ್ಡು ಅವುಗಳಿಗೆ ತಕ್ಕ ಜಾಗವಲ್ಲ. ಪಂಪಿನ ರಬ್ಬರ್ ವಾಷರುಗಳು ಎಣ್ಣೆಗೆ ಉಬ್ಬಿ ಸೋರತೊಡಗುತ್ತವೆ. ಅಂದೇ ಸಾಬೂನು ನೀರಿನಿಂದ ಪಂಪನ್ನು ತೊಳೆಯಬೇಕು.

ಮೊದಲ ಸಿಂಪಡಣೆಗೆ ಮುಂಚೆ ಹತ್ತು ಗಿಡಗಳಿಗೆ ದಾರ ಕಟ್ಟಿ, ಪ್ರತಿ ಗಿಡದ ಮೇಲೆ, ನಡುವೆ, ಕೆಳಗೆ ಒಂದೊಂದು ಎಲೆಯಲ್ಲಿ ನಡೆದಾಡುವ ನುಸಿಗಳನ್ನು ಎಣಿಸಿ ಬರೆದಿಡಿ; ಮೂರನೆಯ ದಿನ ಅದೇ ಗಿಡಗಳಲ್ಲಿ ಮತ್ತೆ ಎಣಿಸಿ. ಎಣಿಕೆ ಅರ್ಧಕ್ಕೂ ಇಳಿಯದಿದ್ದರೆ ಬೆರಕೆಯಲ್ಲೋ ಎಲೆಯಡಿ ತೋಯಿಸುವುದರಲ್ಲೋ ತಪ್ಪಿದೆ. ಎರಡು ಸಲ ಸರಿಯಾಗಿ ಹೊಡೆದ ಮೇಲೂ ನುಸಿ ಏರುತ್ತಿದ್ದರೆ ಅಥವಾ ಹೊಸ ಕುಡಿಗಳಿಗೆ ಬಲೆ ಹಬ್ಬುತ್ತಿದ್ದರೆ, ಎಣ್ಣೆಯ ಪ್ರಮಾಣ ಹೆಚ್ಚಿಸದೆ ನಿಲ್ಲಿಸಿ. ನುಸಿ ಇರುವ ನಾಲ್ಕೈದು ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ, ವಿಜಯಪುರದ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಬೆಳಗಾವಿ ಕಡೆಯವರಾದರೆ ಮತ್ತಿಕೊಪ್ಪದ ಕೇಂದ್ರಕ್ಕೋ ಒಯ್ದು ತೋರಿಸಿ, ಆ ಬೆಳೆಗೆ ನೋಂದಣಿಯಾದ ನುಸಿನಾಶಕವನ್ನು ಕೇಳಿ ಬಳಸಿ; ಜೊತೆಗೆ ನೀವು ಯಾವ ಎಣ್ಣೆಯನ್ನು ಯಾವ ದಿನ ಎಷ್ಟು ಹೊಡೆದಿದ್ದೀರೆಂಬ ಚೀಟಿಯನ್ನೂ ಕೊಂಡೊಯ್ಯಿರಿ.